ನವೆಂಬರ್ ಫೋಲ್ಡರ್ ಮಾತ್ರ ಯಾಕೆ ತೆರೆಯುವುದಿಲ್ಲ?

ಪ್ರಶ್ನೆ: ನಾನು ಮಲ್ಪೆ ಬಂದರಿನ ಹತ್ತಿರ ಮೀನು ವ್ಯಾಪಾರದ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವವಳು. ಬಂಗುಡೆ, ಬೂತಾಯಿ, ಅಂಜಲ್‌ನ ಏಲಂ ದರವನ್ನು ದಿನಕ್ಕೊಂದು ಫೈಲಿನಲ್ಲಿಟ್ಟು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಟ್ಟು ಮಾಡುತ್ತೇನೆ. ಡಿ ಡ್ರೈವ್‌ನಲ್ಲಿ ‘ಮೀನು’, ಅದರೊಳಗೆ ತಿಂಗಳ ಹೆಸರಿನ ಫೋಲ್ಡರ್, ಅದರೊಳಗೆ ‘ದರ’ ಎಂದು ಶುರುವಾಗುವ ಫೈಲುಗಳು. ಹೆಸರೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿವೆ. ತಿಂಗಳು ಬದಲಾದಾಗ ಕೋಡಿನಲ್ಲಿ ಆ ಒಂದು ಹೆಸರು ಬದಲಿಸುತ್ತೇನೆ. ಸೆಪ್ಟೆಂಬರ್, ಅಕ್ಟೋಬರ್ ಸರಿಯಾಗಿ ನಡೆಯಿತು. ನವೆಂಬರ್‌ಗೆ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಅಂತ ಬರುತ್ತಿದೆ. ಫೋಲ್ಡರ್ ಅಳಿಸಿ ಹೊಸದು ಮಾಡಿದರೂ ಅದೇ ಕಥೆ. ಇನ್ನೊಂದು ವಿಷಯ, ಬೆಳಿಗ್ಗೆ ತಾನಾಗಿ ಓಡಲಿ ಅಂತ ಟಾಸ್ಕ್ ಶೆಡ್ಯೂಲರ್‌ಗೆ ಹಾಕಿದರೆ ಪ್ರೋಗ್ರಾಂ ಪಕ್ಕದಲ್ಲೇ ಇರುವ ಬೋಟ್‌ಗಳ ಪಟ್ಟಿ ಸಿಗುತ್ತಿಲ್ಲ.

ಉತ್ತರ: ನಿಮ್ಮ ಫೋಲ್ಡರ್ ಸರಿಯಾಗಿಯೇ ಇದೆ, ಅದನ್ನು ಮುಟ್ಟಬೇಡಿ. ತೊಂದರೆ ಇರುವುದು ಹೆಸರಿಗೆ ಮೊದಲು ಬರುವ ಬ್ಯಾಕ್‌ಸ್ಲಾಶ್‌ನಲ್ಲಿ, ಅಂದರೆ ಹಿಂದಕ್ಕೆ ಬಾಗಿದ ಗೆರೆಯಲ್ಲಿ.

ಕೋಡಿನಲ್ಲಿ ಕೋಟ್ ಗುರುತಿನ ಒಳಗೆ ಬ್ಯಾಕ್‌ಸ್ಲಾಶ್ ಹಾಕಿ, ಬೆನ್ನಿಗೇ ‘ಎನ್’ ಬರೆದರೆ ಪೈಥಾನ್ ಅದನ್ನು ‘ಹೊಸ ಸಾಲು’ ಎಂದು ಓದುತ್ತದೆ. ನವೆಂಬರ್ ಶುರುವಾಗುವುದೇ ಎನ್‌ನಿಂದ ಅಲ್ವಾ? ಹೊಸ ಸಾಲಿನಂಥ ಗುರುತುಗಳು ವಿಂಡೋಸ್‌ನ ಫೈಲ್ ಹೆಸರಿನಲ್ಲಿ ಇರುವಂತಿಲ್ಲ. ಅದಕ್ಕೇ ಆ ದೂರು. ಎಸ್, ಓ, ಎಂ, ಡಿ ಅಕ್ಷರಗಳಿಗೆ ಇಂಥ ವಿಶೇಷ ಅರ್ಥವಿಲ್ಲ, ಹಾಗಾಗಿ ಸೆಪ್ಟೆಂಬರ್, ಅಕ್ಟೋಬರ್ ಬಚಾವಾದವು. ಇದನ್ನು ಹೀಗೇ ಬಿಟ್ಟರೆ ಡಿಸೆಂಬರ್, ಜನವರಿ ಆರಾಮಾಗಿ ದಾಟುತ್ತವೆ. ಫೆಬ್ರವರಿಯಲ್ಲಿ ಮತ್ತೆ ನಿಲ್ಲುತ್ತದೆ, ಏಪ್ರಿಲ್‌ನಲ್ಲಿ ಮತ್ತೊಮ್ಮೆ. ‘ಎಫ್’ ಅಂದರೆ ಹೊಸ ಪುಟ, ‘ಎ’ ಅಂದರೆ ಗಂಟೆಯ ಸದ್ದು. ಜೂನ್, ಜುಲೈ ಮೀನುಗಾರಿಕೆ ನಿಷೇಧ ಮುಗಿದು ಬೋಟ್‌ಗಳು ಕಡಲಿಗಿಳಿಯುವ ಆಗಸ್ಟ್‌ನಲ್ಲೂ ಇದೇ ಪಾಡು. ಫೈಲಿಗೆ ಬರೀ ತಾರೀಕನ್ನೇ ಹೆಸರಾಗಿ ಇಟ್ಟಿದ್ದರೆ ಇನ್ನೂ ಕಷ್ಟವಿತ್ತು. ಬ್ಯಾಕ್‌ಸ್ಲಾಶ್ ಮುಂದೆ 12 ಬಂದರೆ ಅದೂ ಹೊಸ ಸಾಲೇ, ಯಾಕೆಂದರೆ ಅಲ್ಲಿ ಅಂಕಿಯನ್ನು ಎಂಟರ ಲೆಕ್ಕದಲ್ಲಿ ಓದಲಾಗುತ್ತದೆ.

ನಿಮ್ಮ ಪರದೆಯ ಮೇಲಿರುವ ದೂರಿನ ಸಾಲನ್ನು ಒಮ್ಮೆ ಹತ್ತಿರದಿಂದ ನೋಡಿ. ‘ಮೀನು’ ಹೆಸರಿಗೆ ಮೊದಲು ಎರಡೆರಡು ಬ್ಯಾಕ್‌ಸ್ಲಾಶ್ ಇರುತ್ತವೆ, ‘ನವೆಂಬರ್’ಗೆ ಮೊದಲು ಒಂದೇ. ನಿಜವಾದ ಬ್ಯಾಕ್‌ಸ್ಲಾಶ್ ಆಗಿ ಉಳಿದದ್ದನ್ನು ಪೈಥಾನ್ ಜೋಡಿಯಾಗಿ ತೋರಿಸುತ್ತದೆ. ಒಂಟಿಯಾಗಿ ಕಂಡಿತೋ, ಕಳ್ಳ ಅಲ್ಲೇ ಇದ್ದಾನೆ.

ತಕ್ಷಣದ ಪರಿಹಾರ ಸುಲಭ. ಕೋಟ್ ಗುರುತಿಗೆ ಮೊದಲು ‘ಆರ್’ ಅಕ್ಷರ ಹಾಕಿ, ಆಗ ಒಳಗಿನದ್ದೆಲ್ಲ ಇದ್ದಂತೆಯೇ ಉಳಿಯುತ್ತದೆ. ಆದರೆ ಕೊನೆಯಲ್ಲಿ ಒಂದೇ ಬ್ಯಾಕ್‌ಸ್ಲಾಶ್ ಬಿಟ್ಟರೆ ಇದೂ ಕೈಕೊಡುತ್ತದೆ. ಅದಕ್ಕಿಂತ ಮುಂದಕ್ಕೆ ಬಾಗಿದ ಸಾಮಾನ್ಯ ಸ್ಲಾಶ್ ಬಳಸುವುದು ಒಳ್ಳೆಯದು. ವಿಂಡೋಸ್‌ನಲ್ಲಿ ಅದು ನಡೆಯುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಪೈಥಾನ್‌ನಿಂದ ಫೈಲ್ ತೆರೆಯುವಾಗ ಚೆನ್ನಾಗಿಯೇ ನಡೆಯುತ್ತದೆ. ಫೋಲ್ಡರ್ ಒಳಗೆ ಫೋಲ್ಡರ್ ಇಡುವ ಸೌಲಭ್ಯ ವಿಂಡೋಸ್‌ಗೂ ಮೊದಲಿನ ಡಾಸ್‌ಗೆ ಬಂದದ್ದು 1983ರಲ್ಲಿ, ಅದರ ಎರಡನೇ ಆವೃತ್ತಿಯಲ್ಲಿ. ಅಷ್ಟರಲ್ಲಿ ಸಾಮಾನ್ಯ ಸ್ಲಾಶ್ ಕಮಾಂಡ್‌ಗಳ ಆಯ್ಕೆ ಸೂಚಿಸಲು ಬಳಕೆಯಲ್ಲಿತ್ತು. ಹಾಗಾಗಿ ದಾರಿಗೆ, ಅಂದರೆ ಫೈಲ್ ಯಾವ ಫೋಲ್ಡರಿನೊಳಗಿದೆ ಎಂದು ಹೇಳುವ ವಿಳಾಸಕ್ಕೆ, ಬ್ಯಾಕ್‌ಸ್ಲಾಶ್ ಬಂತು. ನಾವು ಇವತ್ತಿಗೂ ಅದನ್ನೇ ಹೊತ್ತುಕೊಂಡಿದ್ದೇವೆ.

ನಾನು ನಿಮಗೆ ನಿಜವಾಗಿ ಹೇಳುವುದು, ದಾರಿಯನ್ನು ಪಠ್ಯದಂತೆ ಅಂಟಿಸುವುದನ್ನೇ ಬಿಡಿ. 2014ರಲ್ಲಿ ಬಂದ ಪೈಥಾನ್ 3.4ರಿಂದ ಫೈಲಿನ ದಾರಿ ನೋಡಿಕೊಳ್ಳುವ ‘ಪಾಥ್‌ಲಿಬ್’ ಜೊತೆಗೇ ಸಿಗುತ್ತದೆ, ಬೇರೆ ಇನ್‌ಸ್ಟಾಲ್ ಮಾಡಬೇಕಿಲ್ಲ. ಅದರಲ್ಲಿ ಮೊದಲು ಮೀನು ಫೋಲ್ಡರಿಗೆ ಒಂದು ‘ಪಾಥ್’ ಮಾಡಿಕೊಳ್ಳಿ. ಆಮೇಲೆ ಭಾಗಿಸುವ ಗುರುತು ಹಾಕಿ ತಿಂಗಳು, ಮತ್ತೆ ಅದೇ ಗುರುತು ಹಾಕಿ ಫೈಲ್ ಹೆಸರು ಸೇರಿಸುತ್ತಾ ಹೋಗಿ. ಮಧ್ಯದ ಸ್ಲಾಶ್ ಯಾವುದು ಅಂತ ಅದೇ ನೋಡಿಕೊಳ್ಳುತ್ತದೆ. ತಿಂಗಳ ಹೆಸರನ್ನು ಇವತ್ತಿನ ತಾರೀಕಿನಿಂದಲೇ ತೆಗೆದುಕೊಂಡರೆ ಪ್ರತಿ ತಿಂಗಳು ಕೋಡ್ ತಿದ್ದುವ ಕೆಲಸವೂ ಉಳಿಯುತ್ತದೆ. ಒಂದು ಎಚ್ಚರ: ಸೇರಿಸುವ ಹೆಸರಿನ ಶುರುವಿನಲ್ಲೇ ಸ್ಲಾಶ್ ಇದ್ದರೆ ಹಿಂದಿನ ಫೋಲ್ಡರ್ ಬಿಟ್ಟುಹೋಗುತ್ತದೆ.

ಬೋಟ್ ಪಟ್ಟಿಯ ವಿಷಯ. ಬರೀ ಫೈಲ್ ಹೆಸರು ಕೊಟ್ಟರೆ ಪೈಥಾನ್ ಹುಡುಕುವುದು ಪ್ರೋಗ್ರಾಂ ಇರುವ ಜಾಗದಲ್ಲಲ್ಲ, ಅದನ್ನು ಎಲ್ಲಿ ನಿಂತು ಓಡಿಸಿದ್ದೀರೋ ಅಲ್ಲಿ. ಟಾಸ್ಕ್ ಶೆಡ್ಯೂಲರ್‌ನಲ್ಲಿ ‘ಸ್ಟಾರ್ಟ್ ಇನ್’ ಖಾಲಿ ಬಿಟ್ಟರೆ ಅದು ಸಾಮಾನ್ಯವಾಗಿ ವಿಂಡೋಸ್‌ನ ‘ಸಿಸ್ಟಂ32’ ಫೋಲ್ಡರ್ ಆಗಿರುತ್ತದೆ. ನಿಮ್ಮ ಬೋಟ್ ಪಟ್ಟಿ ಅಲ್ಲೆಲ್ಲಿಂದ ಬರಬೇಕು? ಎರಡೆರಡು ಅಂಡರ್‌ಸ್ಕೋರ್ ನಡುವೆ ‘ಫೈಲ್’ ಎಂದು ಬರೆದರೆ ಪ್ರೋಗ್ರಾಂನ ಸ್ವಂತ ವಿಳಾಸ ಸಿಗುತ್ತದೆ. ಅದನ್ನು ಪಾಥ್‌ಗೆ ಕೊಟ್ಟು, ‘ರಿಸಾಲ್ವ್’ ಮಾಡಿ ಪೂರ್ತಿ ವಿಳಾಸ ಪಡೆದು, ಅದರ ‘ಪೇರೆಂಟ್’, ಅಂದರೆ ಪ್ರೋಗ್ರಾಂ ಇರುವ ಫೋಲ್ಡರ್, ತೆಗೆದುಕೊಳ್ಳಿ. ಪಟ್ಟಿಯನ್ನು ಅಲ್ಲಿಂದ ತೆರೆಯಿರಿ.

ಪ್ರಶ್ನೆ: ಯಕ್ಷಗಾನ ರೆಕಾರ್ಡಿಂಗ್‌ಗಳಿಗೆ ಊರಿನ ಹೆಸರನ್ನು ಕನ್ನಡದಲ್ಲೇ ಇಟ್ಟಿದ್ದೇವೆ. ಗೆಳೆಯರೊಬ್ಬರು ಹಳೇ ಮ್ಯಾಕ್‌ನಿಂದ ಜಿಪ್ ಮಾಡಿ ಕಳಿಸಿದ್ದು. ನನ್ನ ಪೈಥಾನ್ ಪ್ರೋಗ್ರಾಂ ಉಡುಪಿ, ಮಂದಾರ್ತಿ, ಸಾಲಿಗ್ರಾಮ ಎಲ್ಲ ತೆರೆಯುತ್ತದೆ. ಕೋಟ, ಕೊಲ್ಲೂರು, ಬೈಂದೂರು ಮಾತ್ರ ಇಲ್ಲವೇ ಇಲ್ಲ ಅನ್ನುತ್ತದೆ. ಕಣ್ಣೆದುರೇ ಇವೆಯಲ್ಲ! ಮಂಗಳೂರಿನಿಂದ ಬರೆಯುತ್ತಿದ್ದೇನೆ.

ಉತ್ತರ: ಊರುಗಳ ಪಟ್ಟಿ ಕೊಟ್ಟದ್ದು ಒಳ್ಳೆಯದಾಯಿತು, ಉತ್ತರ ಅದರಲ್ಲೇ ಇದೆ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಕೋ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಚೂರಾಗಿಯೂ ಬರೆಯಬಹುದು. ‘ಕೊ’ ಮತ್ತು ‘ಬೈ’ ಕೂಡ ಹೀಗೆ ಒಡೆಯುತ್ತವೆ. ಉಡುಪಿ, ಮಂದಾರ್ತಿ, ಸಾಲಿಗ್ರಾಮದಲ್ಲಿ ಒಡೆಯುವಂಥ ಗುಣಿತ ಒಂದೂ ಇಲ್ಲ. ಹಳೇ ಮ್ಯಾಕ್‌ನ ಫೈಲ್ ವ್ಯವಸ್ಥೆ ಹೆಸರುಗಳನ್ನು ಒಡೆದೇ ಇಡುತ್ತಿತ್ತು. ನೀವು ಕೀಬೋರ್ಡಿನಲ್ಲಿ ಟೈಪ್ ಮಾಡಿದ ‘ಕೋಟ’ದ ಉದ್ದ ಕೇಳಿದರೆ ಪೈಥಾನ್ 3 ಅನ್ನುತ್ತದೆ, ಫೈಲಿನಲ್ಲಿರುವ ‘ಕೋಟ’ಕ್ಕೆ 5. ಕಣ್ಣಿಗೆ ಎರಡೂ ಒಂದೇ.

ಪೈಥಾನ್ ಜೊತೆಗೇ ಬರುವ ‘ಯೂನಿಕೋಡ್‌ಡೇಟಾ’ದಲ್ಲಿ ‘ನಾರ್ಮಲೈಸ್’ ಎಂಬುದಿದೆ. ಫೋಲ್ಡರಿನ ಹೆಸರುಗಳನ್ನು ಒಂದೊಂದಾಗಿ ಓದಿ, ಆ ಹೆಸರನ್ನೂ ನೀವು ಹುಡುಕುವ ಹೆಸರನ್ನೂ ‘ಎನ್‌ಎಫ್‌ಸಿ’ ರೂಪಕ್ಕೆ, ಅಂದರೆ ಚೂರುಗಳನ್ನು ಒಂದಾಗಿ ಸೇರಿಸಿದ ರೂಪಕ್ಕೆ, ತಂದು ಹೋಲಿಸಿ. ಫೈಲುಗಳನ್ನೇ ಮರುಹೆಸರಿಸುವುದಾದರೆ ಆ ಹೆಸರಿನ ಫೈಲ್ ಮೊದಲೇ ಇದೆಯಾ ನೋಡಿಕೊಳ್ಳಿ. ವಿಂಡೋಸ್‌ನಲ್ಲಿ ಪೈಥಾನ್ ತಕರಾರು ಮಾಡಿ ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಸದ್ದಿಲ್ಲದೆ ಹಳೆಯದರ ಮೇಲೆ ಬರೆದುಬಿಡುತ್ತದೆ, ರಾತ್ರಿಯಿಡೀ ಕೂತು ಮಾಡಿದ ರೆಕಾರ್ಡಿಂಗ್ ಹೋಗಿಬಿಡುತ್ತದೆ.