ಬೆಂಗಳೂರಿನಿಂದ ಸಿಂಗಪುರಕ್ಕೆ: ನಿಲ್ದಾಣದ ಅಂಗಡಿಗಳನ್ನೇ ನಂಬಿ ಹೊರಡಬಹುದೇ?

ಎಪ್ಪತ್ತು ದಾಟಿದ ತಂದೆತಾಯಿಯರನ್ನು ಮೊದಲ ಬಾರಿಗೆ ಸಿಂಗಪುರಕ್ಕೆ ಕರೆದೊಯ್ಯುತ್ತಿರುವ ತಾವು, ಎರಡೂ ಕಡೆಯ ವಿಮಾನ ನಿಲ್ದಾಣಗಳಲ್ಲಿ ಊಟ, ಅಂಗಡಿ, ವಿಶ್ರಾಂತಿಯ ಅನುಕೂಲ ಹೇಗಿದೆ, ಮನೆಯಿಂದ ಬುತ್ತಿ ಒಯ್ಯಬೇಕೇ ಎಂದು ಕೇಳಿದ್ದೀರಿ. ಸಿಂಗಪುರದಲ್ಲಿ ನೆಲೆಸಿ ಆಗಾಗ ಊರಿಗೆ ಬಂದು ಹೋಗುವವನಾದ್ದರಿಂದ ಎರಡೂ ನಿಲ್ದಾಣಗಳ ಪರಿಚಯ ನನಗಿದೆ. ಬುತ್ತಿ ಕಟ್ಟಿಕೊಳ್ಳಿ ಎಂಬುದೇ ನನ್ನ ಉತ್ತರ. ಅಲ್ಲಿ ತಿನ್ನಲು ಏನೂ ಸಿಗುವುದಿಲ್ಲವೆಂದು ಮಾತ್ರ ಭಾವಿಸಬೇಡಿ.

ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್ 12ರಿಂದ ಎರಡನೆಯ ಟರ್ಮಿನಲ್‌ಗೆ ಸ್ಥಳಾಂತರಗೊಂಡಿವೆ. ಚಾವಣಿಯ ತುಂಬ ಬಿದಿರು, ಅಲ್ಲಲ್ಲಿ ತೂಗುಬಿಟ್ಟ ಗಿಡಬಳ್ಳಿಗಳು. ಹಿರಿಯರಿಗೆ ನೋಡುವುದಕ್ಕೇ ಅರ್ಧ ಗಂಟೆ ಬೇಕು. ಅಂಗಡಿಗಳೂ ಅಚ್ಚುಕಟ್ಟಾಗಿವೆ. ಆದರೆ ನಗರದ ದರ್ಶಿನಿಯ ದರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಅಲ್ಲಿಯ ದರಪಟ್ಟಿ ಕಂಡು ಹಸಿವು ಇಂಗುತ್ತದೆ. ಇದಕ್ಕೆ ವ್ಯಾಪಾರಿಯ ದುರಾಸೆಯೊಂದೇ ಕಾರಣವಲ್ಲ. ಅಂಗಡಿ ನಡೆಸುವವರು ಸಾಮಾನ್ಯವಾಗಿ ತಮ್ಮ ಮಾರಾಟದ ಒಂದು ಪಾಲನ್ನು ನಿಲ್ದಾಣಕ್ಕೆ ಕೊಡಬೇಕಾಗುತ್ತದೆ. ವ್ಯಾಪಾರ ಎಷ್ಟೇ ಕುಸಿದರೂ ಕನಿಷ್ಠ ಮೊತ್ತವೊಂದನ್ನು ತಪ್ಪದೆ ಕಟ್ಟಬೇಕು. 2016ರ ನಾಗರಿಕ ವಿಮಾನಯಾನ ನೀತಿಯ ಲೆಕ್ಕದಲ್ಲಿ, ಅಂಗಡಿ, ಜಾಹೀರಾತು ಮೊದಲಾದವುಗಳಿಂದ ನಿಲ್ದಾಣಕ್ಕೆ ಬರುವ ಆದಾಯದ ಶೇ 30ರಷ್ಟು ಭಾಗವನ್ನು ವಿಮಾನ ಹಾಗೂ ಪ್ರಯಾಣಿಕರ ಮೇಲಿನ ಶುಲ್ಕಗಳನ್ನು ತಗ್ಗಿಸಲು ಬಳಸಬೇಕು. ಅಂದರೆ ನಾವು ಕುಡಿಯುವ ದುಬಾರಿ ಕಾಫಿಯಿಂದ ಟಿಕೆಟ್ಟಿನ ಶುಲ್ಕ ತುಸು ಇಳಿಯುತ್ತದಂತೆ. ಆ ಇಳಿಕೆ ನನ್ನ ಕಣ್ಣಿಗಂತೂ ಇದುವರೆಗೆ ಬಿದ್ದಿಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತ ನಿಲ್ದಾಣದಲ್ಲಿ ಆರಂಭವಾದ ಉಡಾನ್ ಯಾತ್ರಿ ಕೆಫೆಯಲ್ಲಿ ಚಹಾ 10 ರೂಪಾಯಿಗೂ ಸಮೋಸ 20 ರೂಪಾಯಿಗೂ ದೊರೆತದ್ದನ್ನು ನೋಡಿದರೆ, ಮನಸ್ಸು ಮಾಡಿದರೆ ಬೇರೆ ದಾರಿಯೂ ಇದೆಯೆಂದು ತಿಳಿಯುತ್ತದೆ.

ಸಿಂಗಪುರದ ಚಾಂಗಿ ನಿಲ್ದಾಣವನ್ನು ಎಲ್ಲರೂ ಹೊಗಳುತ್ತಾರೆ, ಹೆಚ್ಚಾಗಿ 2019ರಲ್ಲಿ ತೆರೆದ ಜುವೆಲ್ ಸಂಕೀರ್ಣದ 40 ಮೀಟರ್ ಎತ್ತರದ ಒಳಾಂಗಣ ಜಲಪಾತಕ್ಕಾಗಿ. ಅದನ್ನು ಖಂಡಿತ ತೋರಿಸಿ. ಆದರೆ ನನಗೆ ಮೆಚ್ಚಿಗೆಯಾಗುವುದು ಏನನ್ನೂ ಕೊಳ್ಳದವನಿಗೂ ಅಲ್ಲಿ ದೊರೆಯುವ ಸೌಕರ್ಯ: ಕುಡಿಯುವ ನೀರಿನ ನಲ್ಲಿಗಳು, ಕಾಲು ಚಾಚಿ ಮಲಗಬಹುದಾದ ಕುರ್ಚಿಗಳು, ಕಾಲು ಒತ್ತುವ ಉಚಿತ ಯಂತ್ರಗಳು, ಮೂರನೆಯ ಟರ್ಮಿನಲ್‌ನ ಚಿಟ್ಟೆ ತೋಟ. ಅಂಗಡಿಗಳ ಸಾಲಿನಲ್ಲಿ ಸುಸ್ತಾದ ಹಿರಿಯರಿಗೆ ಬೇಕಾಗುವುದು ಇವೇ.

ಬುತ್ತಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. 2006ರಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಬಂದ 100 ಮಿಲಿಲೀಟರಿನ ನಿಯಮ ನೀರಿಗಷ್ಟೇ ಅಲ್ಲ, ಚಟ್ನಿ, ಗೊಜ್ಜು, ಉಪ್ಪಿನಕಾಯಿಗಳಿಗೂ ತಗಲುತ್ತದೆ. ನನ್ನ ತಾಯಿ ಕೈಚೀಲದಲ್ಲಿಟ್ಟಿದ್ದ ಕಾಯಿಚಟ್ನಿಯ ಡಬ್ಬಿಯನ್ನು ಒಂದು ನಿಲ್ದಾಣದ ತಪಾಸಣೆಯಲ್ಲಿ ಬಿಟ್ಟುಬರಬೇಕಾಯಿತು. ವಿಮಾನ ಇಳಿಯುವವರೆಗೂ ಅವರಿಗೆ ಅದರದೇ ಕೊರಗು. ಚಪಾತಿ, ಪಲ್ಯ, ಕೋಡುಬಳೆಯಂಥ ಒಣ ಪದಾರ್ಥಗಳಿಗೆ ತೊಂದರೆಯಿಲ್ಲ, ಆದರೆ ಅವನ್ನು ಸಿಂಗಪುರಕ್ಕೆ ಇಳಿಯುವ ಮೊದಲೇ ತಿಂದು ಮುಗಿಸಿ. ಖಾಲಿ ಬಾಟಲಿಯನ್ನು ಒಯ್ದರೆ ತಪಾಸಣೆ ದಾಟಿದ ಬಳಿಕ ನೀರು ತುಂಬಿಸಿಕೊಳ್ಳಬಹುದು. ನಡೆಯಲು ಕಷ್ಟವಿದ್ದರೆ ಗಾಲಿಕುರ್ಚಿ ಬೇಕೆಂದು ವಿಮಾನ ಸಂಸ್ಥೆಗೆ 48 ಗಂಟೆ ಮೊದಲೇ ತಿಳಿಸಿಡಿ.

ಮರಳುವಾಗ ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಚಾಂಗಿಯ ಮೊದಲ ಮೂರು ಟರ್ಮಿನಲ್‌ಗಳಲ್ಲಿ ಭದ್ರತಾ ತಪಾಸಣೆ ನಡೆಯುವುದು ವಿಮಾನ ಹತ್ತುವ ಗೇಟಿನ ಬಾಗಿಲಲ್ಲಿಯೇ. ಹಾಗಾಗಿ ಬಾಟಲಿಯ ನೀರನ್ನು ಅಲ್ಲಿಗೆ ಮುಟ್ಟುವ ಮೊದಲು ಕುಡಿದು ಮುಗಿಸಬೇಕು, ಮತ್ತು ಒಳಗಿನ ಕಾಯುವ ಕೋಣೆಗಳಲ್ಲಿ ಎಲ್ಲೆಡೆ ಶೌಚಾಲಯ ಇರುವುದಿಲ್ಲವಾದ್ದರಿಂದ ತಂದೆತಾಯಿಯರನ್ನು ಮೊದಲೇ ಹೊರಗಿನ ಶೌಚಾಲಯಕ್ಕೆ ಕರೆದೊಯ್ದು ಬಳಿಕ ಸಾಲಿನಲ್ಲಿ ನಿಲ್ಲಿಸಿ.