ಮೂವತ್ತು ಕುಣಿಕೆ ಹಾಕಿ, ಆಮೇಲೆ ಮಾತಾಡೋಣ

ಕೈಗೊಂದು ಕೆಲಸ, ಮನಸ್ಸಿಗಿಷ್ಟು ಧೈರ್ಯ ಬೇಕು ಎಂದವರಿಗೆ ಉಲ್ಲನ್ ಹೆಣಿಗೆ ಇಲ್ಲವೇ ಕ್ರೋಶಾ (ಒಂದೇ ಕೊಕ್ಕೆ ಕಡ್ಡಿಯಿಂದ ಹೆಣೆಯುವುದು) ಕಲಿಯಿರಿ ಎಂದು ಕಳೆದ ತಿಂಗಳು ಇದೇ ಪುಟದಲ್ಲಿ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ನಾನು ಧಾರವಾಡದಲ್ಲಿ ಹೊಲಿಗೆ ಟೀಚರ್ ಆಗಿದ್ದು ನಿವೃತ್ತಳಾದವಳು, ಮನಸ್ಸಿನ ಡಾಕ್ಟರ್ ಅಲ್ಲ. ಅದನ್ನು ನೆನಪಿಟ್ಟುಕೊಂಡು ಓದಿ. ಹೆಸರುಗಳನ್ನು ತೆಗೆದಿದ್ದೇನೆ.

ಟೀಚರ್, ನನಗೆ 34 ವರ್ಷ. ಮದುವೆಗೆ ಮುಂಚೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಈಗ ಮನೆಯಲ್ಲೇ ಇದ್ದೇನೆ. ನಾಲ್ಕು ಜನರ ಮುಂದೆ ಮಾತಾಡಲು ಹೆದರಿಕೆ. ಮಗಳ ಶಾಲೆಯ ಪಾಲಕರ ಸಭೆಗೂ ಯಜಮಾನರನ್ನೇ ಕಳಿಸುತ್ತೇನೆ. ಹೆಣಿಗೆ ಕಲಿಯುತ್ತೇನೆ ಅಂದರೆ ನಮ್ಮತ್ತೆ, 'ಹುಬ್ಬಳ್ಳ್ಯಾಗ ಟಿಬೇಟಿನವರ ಹತ್ರ ಚಲೋ ಸ್ವೆಟರ್ ಸಿಗತಾವ, ಇದ್ಯಾಕ ಬೇಕು' ಅಂತಾರೆ. ಇದರಿಂದ ನಿಜವಾಗಿ ಧೈರ್ಯ ಬರುತ್ತದಾ? ಹೆಣಿಗೆ ಕಲಿಯಲಾ, ಕ್ರೋಶಾ ಕಲಿಯಲಾ? ನಾನು ಹಿಡಿದ ಕೆಲಸ ಅರ್ಧಕ್ಕೆ ಬಿಡುವವಳು. — ಗದಗ-ಬೆಟಗೇರಿ

ತಂಗೀ, ನಿಮ್ಮ ಅತ್ತೆಯವರ ಲೆಕ್ಕ ಸರಿಯಾಗಿಯೇ ಇದೆ. ಚಳಿಗಾಲದಲ್ಲಿ ಟಿಬೇಟಿನವರು ಮಾರುವ ಸ್ವೆಟರ್ ಮಷಿನ್‌ನಲ್ಲಿ ಹೆಣೆದದ್ದು, ಬಹಳಷ್ಟು ಲುಧಿಯಾನಾ ಕಡೆಯಿಂದ ಬಂದದ್ದು. ಅದಕ್ಕಿಂತ ಅಗ್ಗವಾಗಿ ಕೈಯಲ್ಲಿ ಹೆಣೆಯಲು ಆಗುವುದಿಲ್ಲ. ದುಡ್ಡು ಉಳಿಯುತ್ತದೆ ಅಂತ ಅವರ ಜೊತೆ ವಾದಕ್ಕೆ ಇಳಿದರೆ ಸೋಲುತ್ತೀರಿ. 'ನನಗ ಕಲೀಬೇಕಾಗೇತ್ರಿ' ಅನ್ನಿ, ಅಷ್ಟೇ ಸಾಕು.

ಇನ್ನು ಧೈರ್ಯದ ಮಾತು. 2013ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ 3,545 ಹೆಣಿಗೆಗಾರರ ಸಮೀಕ್ಷೆ ಬಂದಿತ್ತು. ಜಾಸ್ತಿ ಸಲ ಹೆಣೆಯುವವರು ಜಾಸ್ತಿ ನೆಮ್ಮದಿ, ಖುಷಿ ಸಿಗುತ್ತದೆ ಎಂದಿದ್ದರು. ಎಲ್ಲರೂ ಇದನ್ನೇ ಎತ್ತಿ ಹೇಳುತ್ತಾರೆ. ಆದರೆ ಉತ್ತರ ಕೊಟ್ಟವರು ಮೊದಲೇ ಹೆಣಿಗೆ ಹಚ್ಚಿಕೊಂಡವರು. ಎರಡು ದಿನ ಹೆಣೆದು ಕಡ್ಡಿ ಮೂಲೆಗೆ ಎಸೆದವರನ್ನು ಯಾರೂ ಕೇಳಲಿಲ್ಲ, ಅಲ್ವಾ? ಹಾಗಾಗಿ ಸಮೀಕ್ಷೆ ಪಕ್ಕಕ್ಕಿಡಿ. ನಾನು ತರಗತಿಯಲ್ಲಿ ಕಂಡದ್ದನ್ನು ಹೇಳುತ್ತೇನೆ.

ಕಲಿಯುವ ಹುಡುಗಿಯರು ಮೊದಮೊದಲು ಒಂದೊಂದು ಸಾಲಿಗೂ ಎದ್ದು ನನ್ನ ಮೇಜಿಗೆ ಬರುತ್ತಿದ್ದರು. 'ಸರಿ ಐತ್ರೀ ಟೀಚರ್?' ನಾನು 'ಚಲೋ ಆಗೇತಿ' ಅಂದರೆ ಖುಷಿಯಾಗಿ ಹೋಗುತ್ತಿದ್ದರು, ಮುಂದಿನ ಸಾಲಿಗೆ ಮತ್ತೆ ಹಾಜರ್. ಹೊಗಳಿಕೆ ಒಂದು ಸಾಲಿನಷ್ಟೂ ಬಾಳಿಕೆ ಬರುತ್ತಿರಲಿಲ್ಲ. ಒಂದು ದಿನ ಅವರಲ್ಲೊಬ್ಬಳು ಕೂತಲ್ಲಿಂದಲೇ, 'ಟೀಚರ್, ಕೆಳಗ ನಾಕನೇ ಸಾಲಿನ್ಯಾಗ ತಪ್ಪೇತಿ, ಬಿಚ್ಚತೇನಿ' ಅನ್ನುವಳು. ಕೇಳಲಿಲ್ಲ, ಹೇಳಿದಳು. ಅಂಥ ಹುಡುಗಿ ಆಮೇಲೆ ಮೇಜಿಗೆ ಬರುವುದು ಕಡಿಮೆ. ತನ್ನ ಕೆಲಸದ ತಪ್ಪು ತನಗೇ ಕಾಣುತ್ತದೆ, ಅದನ್ನು ಸರಿ ಮಾಡುವುದೂ ಗೊತ್ತು. ನೋಡುವವರು ಏನಂತಾರೋ ಅನ್ನುವ ಹೆದರಿಕೆ ಅಲ್ಲಿಂದ ಇಳಿಯುತ್ತದೆ. ನನ್ನ ಮಟ್ಟಿಗೆ ಹೆಣಿಗೆ ಕೊಡುವ ಧೈರ್ಯ ಇಷ್ಟೇ, ಇದು ಸಣ್ಣದೂ ಅಲ್ಲ.

ಅದು ಪಾಲಕರ ಸಭೆಗೆ ತಾನಾಗಿ ದಾಟಿಕೊಂಡು ಬರುತ್ತದೆ ಅಂತ ಮಾತು ಕೊಡಲಾರೆ. ಸಭೆಗೆ ಹೋಗಿಯೇ ಸಭೆಯ ಹೆದರಿಕೆ ಹೋಗಬೇಕು. ಒಂದು ಕೆಲಸ ಮಾಡಿ. ಮಗಳನ್ನು ಕರೆತರಲು ಹೋದಾಗ ಕೈಚೀಲದಲ್ಲಿ ದಾರ ಇರಲಿ, ಗೇಟಿನ ಹತ್ತಿರ ಕಾಯುವಾಗ ಹೊರಗೆ ತೆಗೆಯಿರಿ. ಯಾರಾದರೂ 'ಏನ್ ಹಾಕಾಕತ್ತೀರಿ?' ಅಂತ ಕೇಳೇ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ನಿಮಗೆ ಗೊತ್ತಿರುತ್ತದೆ.

ಯಾವುದನ್ನು ಕಲಿಯುವುದು? ಅರ್ಧಕ್ಕೆ ಬಿಡುವವರು ಅಂತ ನೀವೇ ಹೇಳಿದ್ದರಿಂದ ಕ್ರೋಶಾ. ಹೆಣಿಗೆಯಲ್ಲಿ ಮೂವತ್ತು ಕುಣಿಕೆ ಹಾಕಿದರೆ ಮೂವತ್ತೂ ಕಡ್ಡಿಯ ಮೇಲೆ ಬಾಯಿ ತೆರೆದು ಕೂತಿರುತ್ತವೆ. ಒಂದು ಜಾರಿದರೆ ಸಾಲು ಸಾಲಾಗಿ ಕೆಳಗೆ ಬಿಚ್ಚುತ್ತದೆ. ಕ್ರೋಶಾದಲ್ಲಿ ತೆರೆದ ಕುಣಿಕೆ ಸಾಮಾನ್ಯವಾಗಿ ಒಂದೇ. ಮಗು ಅತ್ತಿತು, ಕುಕ್ಕರ್ ಕೂಗಿತು, ಕೆಳಗಿಟ್ಟು ಹೋಗಬಹುದು. ಬಿಚ್ಚುವುದೂ ಸುಲಭ. ಸಣ್ಣ ವಸ್ತು ಒಂದೆರಡು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ನಿಮಗೆ ಬೇಕಾಗಿರುವುದು ಆ ಮುಗಿಸುವ ಅಭ್ಯಾಸ.

ಮೊದಲ ವಸ್ತುವಾಗಿ ಬಿಸಿ ಪಾತ್ರೆ ಹಿಡಿಯಲು ಅಂಗೈ ಅಗಲದ ಚೌಕ ಸಾಕು. ದಿನಾ ಬಳಕೆಗೆ ಬರುತ್ತದೆ, ಅತ್ತೆಯವರ ಕೈಗೂ ಹೋಗುತ್ತದೆ. ಆದರೆ ಅದಕ್ಕೆ ದಪ್ಪ ಹತ್ತಿ ದಾರವೇ ಆಗಬೇಕು. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದು ಹೆಚ್ಚಾಗಿ ಅಕ್ರಿಲಿಕ್, ಅದು ಕಾದ ಹಂಚಿಗೆ ತಾಗಿದರೆ ಕರಗುತ್ತದೆ. ಕೊಕ್ಕೆ ಕಡ್ಡಿ 4 ಮಿಲಿಮೀಟರ್ ಇರಲಿ. ಲೇಸ್ ಹಾಕುವ ಸಪೂರ ಸ್ಟೀಲ್ ಕಡ್ಡಿ ಈಗಲೇ ಬೇಡ, ಕಣ್ಣು ನೋಯುತ್ತದೆ, ಕೆಲಸ ಮುಂದೆ ಹೋಗುವುದಿಲ್ಲ. ಬಣ್ಣ ತಿಳಿಯಾಗಿರಲಿ. ಕಪ್ಪು, ನೇರಳೆ, ಜುಂಗು ಜುಂಗಾಗಿ ಎಳೆ ಇರುವ ದಾರ ನೋಡಲು ಚೆಂದ. ಆದರೆ ಅದರಲ್ಲಿ ಕುಣಿಕೆಯೇ ಕಾಣುವುದಿಲ್ಲ. ಕಾಣದಿದ್ದರೆ ತಪ್ಪು ಹುಡುಕುವುದು ಹೇಗೆ?

ಮೊಬೈಲ್ ನೋಡಿ ಕಲಿಯುವವರಿಗೆ ಇನ್ನೊಂದು ಮಾತು. ಅಮೆರಿಕದವರು ಡಬಲ್ ಕ್ರೋಶೆ ಅನ್ನುವುದು ಬ್ರಿಟನ್ನಿನವರಿಗೆ ಟ್ರೆಬಲ್. ಬ್ರಿಟನ್ನಿನ ಡಬಲ್ ಅದಕ್ಕಿಂತ ಬಹಳ ಗಿಡ್ಡ. ನೀವು ಹಾಕಿದ್ದು ವಿಡಿಯೋದಲ್ಲಿ ಇದ್ದದ್ದರ ಅರ್ಧ ಎತ್ತರ ಬಂತು ಅಂದರೆ ನಿಮ್ಮ ಕೈಯನ್ನು ಬೈಯಬೇಡಿ. ಕಲಿಸುವವರು ಯಾವ ದೇಶದ ಹೆಸರು ಹೇಳುತ್ತಿದ್ದಾರೆ ಅಂತ ನೋಡಿ.

ಮಫ್ಲರ್‌ಗೆ 30 ಕುಣಿಕೆ ಹಾಕಿ ಶುರು ಮಾಡಿದೆ. ಒಂದು ಗೇಣು ಆಗುವಷ್ಟರಲ್ಲಿ 38 ಆಗಿವೆ. ಎಲ್ಲಿಂದ ಬಂದವು? ಅಂಗಡಿಯವರು ಕಡ್ಡಿ ಎಷ್ಟನೇ ನಂಬರ್ ಅಂತ ಕೇಳಿದರೆ ಬೆಬ್ಬೆಬ್ಬೆ ಅಂದೆ. — ಹುಬ್ಬಳ್ಳಿ

ಹೊಸಬರಲ್ಲಿ ಬಹಳ ಜನರಿಗೆ ಹೀಗಾಗುತ್ತದೆ. ಕಾರಣ ಎರಡು. ಸಾಲು ತಿರುಗಿಸಿದಾಗ ದಾರವನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆ ಮೇಲೆದ್ದು ಎರಡು ಕಾಲು ತೋರಿಸುತ್ತದೆ. ನೀವು ಎರಡು ಅಂದುಕೊಂಡು ಎರಡನ್ನೂ ಹೆಣೆಯುತ್ತೀರಿ. ದಾರ ಕಡ್ಡಿಯ ಕೆಳಗಿಂದ ಹಿಂದೆ ಹೋಗಬೇಕು. ಎರಡನೆಯದು, ಸಾಲಿನ ನಡುವೆ ದಾರ ಮುಂದೆ ಉಳಿದಿರುವಾಗಲೇ ಸೀದಾ ಕುಣಿಕೆ (ದಾರ ಹಿಂದೆ ಇಟ್ಟು ಹಾಕುವಂಥದ್ದು) ಹೆಣೆದರೆ ಒಂದು ಸುತ್ತು ಹೆಚ್ಚಾಗುತ್ತದೆ, ಕೆಳಗೆ ತೂತು ಬೀಳುತ್ತದೆ. ತೂತು ಇದೆಯಾ ಅಂತ ನೋಡಿ, ಯಾವ ಕಾರಣ ಅಂತ ನಿಮಗೇ ಗೊತ್ತಾಗುತ್ತದೆ. ಸಾಲು ಮುಗಿದಾಗಲೆಲ್ಲ ಎಣಿಸಿ. ಕ್ರೋಶಾದಲ್ಲಿ ಇದಕ್ಕೆ ವಿರುದ್ಧ, ಕೊನೆಯ ಕುಣಿಕೆ ಬಿಟ್ಟುಹೋಗಿ ಚೌಕ ತ್ರಿಕೋನ ಆಗುತ್ತದೆ.

ಹತ್ತು ಸಾಲಿಗೊಮ್ಮೆ ಹೊಲಿಗೆ ಸೂಜಿಯಲ್ಲಿ ಬೇರೆ ಬಣ್ಣದ ದಾರ ಪೋಣಿಸಿ, ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳ ಮೂಲಕ ಹಾಯಿಸಿ ಹಾಗೇ ಬಿಡಿ. ಮುಂದೆ ಏನೇ ತಪ್ಪಿದರೂ ಬಿಚ್ಚಿದಾಗ ಅಲ್ಲಿಗೆ ಬಂದು ನಿಲ್ಲುತ್ತದೆ.

ನಂಬರ್ ವಿಷಯ: ನಮ್ಮಲ್ಲಿ ಇನ್ನೂ ಹಳೆಯ ಬ್ರಿಟಿಷ್ ನಂಬರ್ ಓಡುತ್ತದೆ. 8 ಅಂದರೆ 4 ಮಿಲಿಮೀಟರ್, 10 ಅಂದರೆ 3.25, 12 ಅಂದರೆ 2.75. ನಂಬರ್ ಏರಿದಷ್ಟೂ ಕಡ್ಡಿ ಸಪೂರ. ಮಫ್ಲರ್‌ಗೆ 8 ಕೇಳಿ. ಎಲ್ಲ ಸಾಲೂ ಸೀದಾ ಹೆಣೆಯಿರಿ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ (ದಾರ ಮುಂದಿಟ್ಟು) ಮಾಡಿದರೆ ಅಂಚು ಸುರುಳಿ ಸುತ್ತುತ್ತದೆ. ಆಮೇಲೆ ಅದನ್ನು ನೆಟ್ಟಗೆ ಮಾಡಲು ಇಸ್ತ್ರಿ ಒತ್ತುವವರು ಇದ್ದಾರೆ. ಅಕ್ರಿಲಿಕ್ ಮೇಲೆ ಇಸ್ತ್ರಿ ಇಟ್ಟರೆ ಉಬ್ಬು ಸತ್ತು ಬಟ್ಟೆ ಜೋಲುತ್ತದೆ, ಮತ್ತೆ ಸರಿ ಆಗುವುದಿಲ್ಲ.

ಬಿ.ಕಾಂ. ಓದುತ್ತಿದ್ದೇನೆ, ಹಾಸ್ಟೆಲ್‌ನಲ್ಲಿ ಇದ್ದೇನೆ. ಪರೀಕ್ಷೆಯ ಟೆನ್ಷನ್ ಕಡಿಮೆಯಾಗಲಿ ಅಂತ ಹೆಣಿಗೆ ಶುರು ಮಾಡಿದೆ. ಗೆಳೆಯರು 'ಅಜ್ಜಿ' ಅಂತ ಹೆಸರಿಟ್ಟಿದ್ದಾರೆ. ಅದರ ಮೇಲೆ ನನ್ನ ಹೆಣಿಗೆ ಎಷ್ಟು ಬಿಗಿ ಅಂದರೆ ಕಡ್ಡಿ ಒಳಗೇ ಹೋಗುವುದಿಲ್ಲ. — ಹಾವೇರಿ

ತಮ್ಮಾ, ಟೋಕಿಯೋ ಒಲಿಂಪಿಕ್ಸ್ 2021ರಲ್ಲಿ ನಡೆಯಿತಲ್ಲ, ಬ್ರಿಟನ್ನಿನ ಡೈವಿಂಗ್ ಆಟಗಾರ ಟಾಮ್ ಡೇಲಿ ಗ್ಯಾಲರಿಯಲ್ಲಿ ಕೂತು ಹೆಣೆಯುತ್ತಿದ್ದ ಫೋಟೋ ಹುಡುಕಿ ಗೆಳೆಯರಿಗೆ ತೋರಿಸು. ಚಿನ್ನ ಗೆದ್ದವನು ಅವನು. ಪದಕಕ್ಕೆ ಗೀರು ಬೀಳದಿರಲಿ ಅಂತ ತಾನೇ ಒಂದು ಸಣ್ಣ ಚೀಲ ಹೆಣೆದುಕೊಂಡಿದ್ದ. ಅಷ್ಟು ದೂರ ಬೇಡ ಅಂದರೆ ನಿಮ್ಮ ಜಿಲ್ಲೆಯ ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಗೆ ಹೋಗಿ ಬಾ. ಕುರಿಯ ಉಣ್ಣೆಯಲ್ಲಿ ಕಂಬಳಿ ನೇಯುವ ಊರು, ಮಗ್ಗದ ಮೇಲೆ ಗಂಡಸರೂ ಕೂರುತ್ತಾರೆ. ಯುರೋಪಿನಲ್ಲೂ ಹಿಂದೆ ಹೆಣಿಗೆಯ ಸಂಘಗಳು ಗಂಡಸರವೇ ಆಗಿದ್ದವು. ಉಲ್ಲನ್ನಿಗೆ ಗಂಡು ಹೆಣ್ಣು ಯಾವಾಗ ಅಂಟಿತೋ!

ಬಿಗಿಯ ಮಾತು ಹೆಸರಿಡುವುದಕ್ಕಿಂತ ಮುಖ್ಯ. ನೀನು ಕುಣಿಕೆಯನ್ನು ಕಡ್ಡಿಯ ಚೂಪು ತುದಿಯಲ್ಲೇ ಮುಗಿಸುತ್ತಿರಬೇಕು. ತುದಿ ಸಪೂರ, ಅಲ್ಲಿ ಮಾಡಿದ ಕುಣಿಕೆ ಸಣ್ಣದೇ ಆಗುತ್ತದೆ. ಕಡ್ಡಿಯನ್ನು ದಪ್ಪ ಭಾಗದವರೆಗೆ ತೂರಿಸಿ ಆಮೇಲೆ ಹೊರಗೆ ಎಳೆ. ಒಂದೆರಡು ನಂಬರ್ ದಪ್ಪ ಕಡ್ಡಿ ತಗೋ, 7 ಅಥವಾ 6. ಪ್ರತಿ ಕುಣಿಕೆ ಆದ ಮೇಲೆ ದಾರ ಜಗ್ಗುವ ಚಟ ಇದ್ದರೆ ಬಿಡು. ಭುಜ ಕಿವಿಗೆ ತಾಗುವಷ್ಟು ಮೇಲೆ ಹೋಗಿದೆಯಾ ಅಂತಲೂ ಒಮ್ಮೆ ನೋಡಿಕೋ, ಟೆನ್ಷನ್ ಮೊದಲು ಅಲ್ಲಿ ಕೂರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಪುಸ್ತಕ ಹಿಡಿಯಪ್ಪಾ.

ನಮ್ಮ ಅವ್ವನಿಗೆ 68. ಅಪ್ಪ ತೀರಿಕೊಂಡ ಮೇಲೆ ಸುಮ್ಮನೆ ಕೂತಿರುತ್ತಾರೆ. ಮೊದಲು ಇಳಕಲ್ ಸೀರೆ ಮೇಲೆ ಚೆಂದ ಕಸೂತಿ ಹಾಕುತ್ತಿದ್ದರು. ಕಣ್ಣು ಮಂಜಾಯಿತು, ಬಿಟ್ಟರು. ಉಲ್ಲನ್, ಕಡ್ಡಿ ತಂದುಕೊಟ್ಟೆ. ಮುಟ್ಟಿಯೂ ನೋಡಲಿಲ್ಲ. — ಧಾರವಾಡ

ಮೊದಲು ಇದನ್ನು ಕೇಳಿಕೊಳ್ಳಿ: ಊಟ, ನಿದ್ದೆ ಸರಿ ಇದೆಯಾ? ಸ್ನಾನಕ್ಕೂ ಏಳುವುದಿಲ್ಲವೆ, 'ನಾ ಯಾಕ ಇರಬೇಕು' ಅಂತಾರೆಯೆ? ಹಾಗಿದ್ದರೆ ಉಲ್ಲನ್ ಪಕ್ಕಕ್ಕಿಟ್ಟು ಊರಲ್ಲೇ ಇರುವ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಹೊರಡಲು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ದುಃಖಕ್ಕೂ ಕಾಯಿಲೆಗೂ ವ್ಯತ್ಯಾಸ ಹೇಳುವವರು ಅವರು, ನಾನಲ್ಲ.

ಅಂಥದ್ದೇನೂ ಇಲ್ಲ, ಬರೀ ಮಂಕು ಅನ್ನುವುದಾದರೆ, ನೀವು ತಂದುಕೊಟ್ಟ ರೀತಿ ನನಗೆ ಅಷ್ಟು ಹಿಡಿಸಲಿಲ್ಲ. ಎಳೆ ಎಣಿಸಿ ಗವಂತಿ, ಮುರಗಿ ಅನ್ನುವ ಕಸೂತಿ ಹೊಲಿಗೆ ಹಾಕಿದ ಕೈ ಅವರದು. ಕಸೂತಿಯಲ್ಲಿ ಗೆರೆ ಎಳೆದುಕೊಂಡು ಹೊಲಿಯುವುದಿಲ್ಲ, ಗಂಟು ಹಾಕುವುದಿಲ್ಲ, ಗವಂತಿ ಎರಡೂ ಬದಿ ಒಂದೇ ತರಹ ಬರಬೇಕು. ಅಷ್ಟು ಬಲ್ಲವರ ಮುಂದೆ 'ಹೊತ್ತು ಹೋಗಲಿ, ಇದನ್ನ ಮಾಡು' ಅಂತ ಇಟ್ಟರೆ ಯಾಕೆ ಮುಟ್ಟುತ್ತಾರೆ? ನೀವೇ ಕಡ್ಡಿ ಹಿಡಿದು ಅವರ ಪಕ್ಕ ಕೂತು ಕಲಿಯಿರಿ. ಲೆಕ್ಕ ತಪ್ಪಿದಾಗ ಕೇಳಿ. ಅವರಿಗೆ ಹೆಣಿಗೆ ಬರಬೇಕಂತಿಲ್ಲ, ಎಣಿಕೆ ಬರುತ್ತದೆ. ತಪ್ಪು ಎಲ್ಲಿದೆ ಅಂತ ನಿಮಗಿಂತ ಮೊದಲು ಅವರ ಕಣ್ಣಿಗೆ ಬೀಳುತ್ತದೆ. ದಪ್ಪ ದಾರ, 6 ನಂಬರ್ ಕಡ್ಡಿ ಆದರೆ ಮಂಜು ಕಣ್ಣಿಗೂ ಕಾಣುತ್ತದೆ. ಹಾಗಂತ ಕಣ್ಣಿನ ಡಾಕ್ಟರಿಗೆ ತೋರಿಸುವುದನ್ನು ಬಿಡಬೇಡಿ, ಪೊರೆ ಇದ್ದರೆ ತೆಗೆಸಬಹುದು. ಬೆರಳು ನೋಯುತ್ತಿದ್ದರೆ ಬಿದಿರಿನ ಕಡ್ಡಿ ಹಗುರ, ಅದನ್ನೂ ಸ್ವಲ್ಪ ಹೊತ್ತು ಮಾತ್ರ.

ತೊಟ್ಟಿಲು ಕಾರ್ಯಕ್ಕೆ ಕೊಡಲು ಕುಲಾವಿ, ಕಾಲುಚೀಲ ಹೆಣೆಯುತ್ತೇನೆ. ಎಲ್ಲರೂ ಹೊಗಳುತ್ತಾರೆ. ಈಗ ಪರಿಚಯದವರೊಬ್ಬರು 12 ಕುಲಾವಿ ಕೇಳಿದ್ದಾರೆ, 'ಉಲ್ಲನ್ ರೊಕ್ಕಾ ಕೊಡತೇವಿ' ಅಂದಿದ್ದಾರೆ. ಬಾಯಿಬಿಟ್ಟು ಕೂಲಿ ಕೇಳಲು ಸಂಕೋಚ. — ರಾಣೆಬೆನ್ನೂರು

ಒಂದು ಕುಲಾವಿಗೆ ಎಷ್ಟು ತಾಸು ಹಿಡಿಯುತ್ತದೆ ಅಂತ ಗಡಿಯಾರ ನೋಡಿ ಬರೆದಿಡಿ. ಒಂದು ತಾಸಿಗೆ ಎಷ್ಟು ಅಂತ ನೀವೇ ಗೊತ್ತು ಮಾಡಿ ಗುಣಿಸಿ. ಬಂದ ಮೊತ್ತ ನೋಡಿ ನೀವೇ ಗಾಬರಿಯಾಗುತ್ತೀರಿ, ಆದರೂ ಅದು ಸರಿಯಾದ ಮೊತ್ತ. ಆಂಧ್ರದ ನರಸಾಪುರದ ಸುತ್ತಮುತ್ತ ಹೆಂಗಸರು ನೂರು ವರ್ಷಕ್ಕೂ ಮೇಲ್ಪಟ್ಟು ಕ್ರೋಶಾ ಲೇಸ್ ಹಾಕುತ್ತಿದ್ದಾರೆ. ಅದು ವಿದೇಶಕ್ಕೆ ಹೋಗುತ್ತದೆ. ಮನೆಯಲ್ಲಿ ಕೂತು ಹೊತ್ತು ಕಳೆಯುವ ಕೆಲಸ ಅಂತ ಅದನ್ನು ಕರೆದದ್ದರಿಂದಲೇ ಅವರಿಗೆ ಪುಡಿಗಾಸು ಸಿಕ್ಕಿತು, ಲಾಭ ವ್ಯಾಪಾರಿಗಳಿಗೆ ಹೋಯಿತು. ಹವ್ಯಾಸವಾಗಿ ಇಟ್ಟುಕೊಳ್ಳುವುದಾದರೆ ಇಷ್ಟವಾದವರಿಗೆ ಪುಕ್ಕಟೆ ಕೊಡಿ, ಸಂತೋಷ. ಆರ್ಡರ್ ಅಂದಮೇಲೆ ಆರ್ಡರ್.

ಪರಿಚಯದವರಿಗೆ ಒಂದು ಕುಲಾವಿ ಪ್ರೀತಿಯಿಂದ ಹಾಕಿಕೊಡಿ. ಉಳಿದ 11ಕ್ಕೆ ದರ ಹೇಳಿ, ಅರ್ಧ ಮುಂಗಡ ಕೇಳಿ. ಎದುರಿಗೆ ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕಳಿಸಿ. ಅಂದಹಾಗೆ, ಕೂಸಿನ ಕುಲಾವಿಗೆ ಕಟ್ಟುವ ದಾರ ಉದ್ದ ಬಿಡಬೇಡಿ, ಮಣಿ, ಗುಂಡಿ ಹಚ್ಚಬೇಡಿ. ಕೂಸುಗಳು ಎಲ್ಲವನ್ನೂ ಬಾಯಿಗೆ ಹಾಕುತ್ತವೆ. ಮಲಗಿಸುವಾಗ ಕುಲಾವಿ ತೆಗೆಯಿರಿ ಅಂತ ಅದೇ ಚೀಟಿಯ ಹಿಂದೆ ಬರೆಯಿರಿ.