ಡಾಂಟೆಯ ಕಾಡು, ಡೋರೆಯ ಮರ

ಓದುಗರೊಬ್ಬರ ಪತ್ರದ ಸಾರ: ಕಳೆದ ಸಂಚಿಕೆಯಲ್ಲಿ ಇಟಲಿಯ ಕವಿ ಡಾಂಟೆಯ 'ಡಿವೈನ್ ಕಾಮಿಡಿ' ಕಾವ್ಯದ ಲೇಖನಕ್ಕೆ ಫ್ರಾನ್ಸಿನ ಚಿತ್ರಕಾರ ಗುಸ್ತಾವ್ ಡೋರೆಯ ಚಿತ್ರಗಳನ್ನು ಇಡೀ ಪುಟಕ್ಕೆ ಹಾಕಿದ್ದೀರಿ. ನರಕವನ್ನು ನಾನೇ ಕಲ್ಪಿಸಿಕೊಳ್ಳುವ ಸುಖವನ್ನು ಕಿತ್ತುಕೊಂಡಿರಿ. ಆ ಜಾಗದಲ್ಲಿ ಇನ್ನಷ್ಟು ಪದ್ಯಗಳ ಅನುವಾದ ಕೊಡಬಹುದಿತ್ತಲ್ಲ?

ಸಂಪಾದಕರ ಉತ್ತರ: ನಿಮ್ಮ ಮಾತಿನಲ್ಲಿ ಹುರುಳಿಲ್ಲದಿಲ್ಲ. ನರಕ, ಶುದ್ಧಿಲೋಕ, ಸ್ವರ್ಗ ಎಂಬ ಮೂರು ಭಾಗಗಳ ಆ ಕಾವ್ಯದಲ್ಲಿ, ನರಕದ 13ನೆಯ ಸರ್ಗದಲ್ಲಿ ಆತ್ಮಹತ್ಯೆ ಮಾಡಿಕೊಂಡವರು ಮುಳ್ಳುಮರಗಳಾಗಿ ನಿಂತಿದ್ದಾರೆ. ಕಾವ್ಯದೊಳಗೆ ತಾನೇ ಪಾತ್ರವಾಗಿರುವ ಡಾಂಟೆಗೆ ಅದು ತಿಳಿಯುವುದು ಅವನು ಒಂದು ರೆಂಬೆ ಮುರಿದು, ಗಾಯದಿಂದ ಮಾತೂ ನೆತ್ತರೂ ಒಟ್ಟಿಗೆ ಹೊರಬಂದಾಗ. ಡೋರೆಯಾದರೋ ಕಾಂಡಗಳಲ್ಲಿ ಮೊದಲೇ ಮನುಷ್ಯರ ಮೈ ತೋರಿಸಿ ಕವಿಯ ಗುಟ್ಟನ್ನು ಬಿಟ್ಟುಕೊಡುತ್ತಾನೆ. ಇಷ್ಟನ್ನು ಒಪ್ಪಿದೆ.

ಆದರೆ ಚಿತ್ರವೆಂದರೆ ಪುಟ ತುಂಬಿಸುವ ಸಾಮಗ್ರಿ ಎಂಬ ನಿಮ್ಮ ಧಾಟಿಯನ್ನು ಒಪ್ಪಲಾರೆ. ಡೋರೆಗೆ ಯಾರೂ ಈ ಕೆಲಸ ಒಪ್ಪಿಸಿರಲಿಲ್ಲ. ಅಷ್ಟು ದುಬಾರಿಯ ಪುಸ್ತಕಕ್ಕೆ ಪ್ರಕಾಶಕರು ಹಿಂಜರಿದಾಗ 29ರ ಹರೆಯದ ಅವನು ಸ್ವಂತ ದುಡ್ಡು ಹಾಕಿ, 1861ರಲ್ಲಿ ನರಕದ ಭಾಗವನ್ನು ಹೊರತಂದನು. ಉಳಿದೆರಡು ಭಾಗಗಳು 1868ರಲ್ಲಿ ಬಂದವು. ನರಕಕ್ಕೆ 75ಕ್ಕೆ ಕಡಿಮೆಯಿಲ್ಲದ ಚಿತ್ರಗಳು, ಸ್ವರ್ಗಕ್ಕೆ ಬಹಳ ಕಡಿಮೆ. ಬರೀ ಬೆಳಕನ್ನು ಕಪ್ಪು ಮಸಿಯಲ್ಲಿ ಹೇಗೆ ತೋರಿಸುವುದು ಹೇಳಿ! ಮೊದಲ ಚಿತ್ರವನ್ನೇ ನೋಡಿ: ಬೇರು ಬಳ್ಳಿಗಳ ನಡುವೆ ನಿಂತು, ಬಂದ ಕಡೆಗೆ ಕತ್ತು ತಿರುಗಿಸಿರುವ ಡಾಂಟೆ. ಈ ಕಾಡಿಗೆ ಹೇಗೆ ಬಂದೆನೆಂದು ಹೇಳಲಾರೆ ಎನ್ನುವ ಕವಿಯ ತಬ್ಬಿಬ್ಬು ಆ ಒಂದು ಹೊರಳುನೋಟದಲ್ಲಿದೆ. ಗಮಕಿಯ ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರ ಪದ್ಯವನ್ನು ಕೆಡಿಸುತ್ತಾನೆಂದು ನೀವು ಎಂದಾದರೂ ಎದ್ದು ಹೋಗಿದ್ದೀರಾ?

ನೀವು ನಿಜಕ್ಕೂ ನಮ್ಮನ್ನು ಬೈಯಬೇಕಾದದ್ದು ಬೇರೆಯದಕ್ಕೆ. ಕಾಂಡವನ್ನು ಅಡ್ಡಲಾಗಿ ಕೊಯ್ದು ಮಾಡಿದ ಗಟ್ಟಿ ಮರದ ಅಚ್ಚಿನ ಮೇಲೆ ಡೋರೆ ಕುಂಚದಿಂದ ಛಾಯೆಗಳನ್ನು ಬಳಿಯುತ್ತಿದ್ದನು; ಅಚ್ಚುಯಂತ್ರಕ್ಕೆ ಛಾಯೆ ತಿಳಿಯದು, ಮಸಿ ಹತ್ತುವ ಜಾಗ, ಹತ್ತದ ಜಾಗ ಎರಡೇ ಗೊತ್ತು. ಆ ಬೂದುಬಣ್ಣವನ್ನೆಲ್ಲ ಕೂದಲೆಳೆಯ ಗೆರೆಗಳಾಗಿ ಉಳಿಯಿಂದ ಕೊರೆದವರು ಎಲಿಯೊಡೋರ್ ಪಿಸಾಂ ಮತ್ತು ಅವನಂಥ ಕೆತ್ತನೆಗಾರರು. ಜನ ಮೆಚ್ಚುವ ಆ ಕತ್ತಲೆ ಅರ್ಧ ಅವರದು. ಡೋರೆಯ ಕಾಲದ ಪುಸ್ತಕಗಳಾದರೂ ಅವರ ಸಹಿಗೆ ಚಿತ್ರದಲ್ಲೇ ಜಾಗ ಕೊಡುತ್ತಿದ್ದವು. ನಮ್ಮ ಪತ್ರಿಕೆಗಳಲ್ಲಿ ಕತೆಗೆ ಚಿತ್ರ ಬರೆದವನ ಹೆಸರು ಸಾಸಿವೆಯಷ್ಟು ಅಕ್ಷರದಲ್ಲಿ ಬಂದರೆ ಅದೇ ಪುಣ್ಯ. ವಿಶೇಷಾಂಕಕ್ಕೆ ರಾತ್ರಿ ಕೂತು ಚಿತ್ರ ಬರೆದುಕೊಟ್ಟವನಿಗೆ ಗೌರವಧನ ತಲುಪುವುದು ಮುಂದಿನ ವಿಶೇಷಾಂಕದ ಹೊತ್ತಿಗೆ.

ನಾವೇನು ಸಾಚಾ ಅಲ್ಲ. ಕಳೆದ ಸಂಚಿಕೆಯಲ್ಲಿ 'ಚಿತ್ರ: ಡೋರೆ' ಎಂದಷ್ಟೇ ಹಾಕಿ ಕೈತೊಳೆದುಕೊಂಡೆವು. ನಿಮ್ಮ ಪತ್ರ ಬಂದ ಮೇಲೆ ಪುಟವನ್ನು ಮತ್ತೆ ತೆರೆದು ನೋಡಿದೆ. ಅಂಚು ಹೊಂದಿಸುವ ಆತುರದಲ್ಲಿ ನಾವು ಕತ್ತರಿಸಿದ್ದು ಕೆತ್ತಿದವನ ಸಹಿಯಿದ್ದ ಕೆಳಗಿನ ಮೂಲೆಯನ್ನೇ.